ತಿದ್ದಿದವರು ಎಲ್ಲಿ ಹೋದರು

ಕಳೆದ ಶ್ರಾವಣದ ಒಂದು ಭಾನುವಾರ ನಮ್ಮ ತಂಡದ ಹುಡುಗ ಮನೆಗೆ ಬಂದು, ಚಪ್ಪಲಿ ಬಿಡುತ್ತಲೇ “ಅಕ್ಕಾ, ಹಿಸ್ಟರಿ ಎಲ್ಲಾ ಕ್ಲೀನ್ ಮಾಡಿಬಿಟ್ಟೆ” ಅಂದ. ಹಬ್ಬದ ಮುಂಚೆ ಮನೆಯೆಲ್ಲ ಜಾಡಿಸಿ ಒರೆಸಿದವರ ಮುಖದಲ್ಲಿ ಇರುತ್ತದಲ್ಲ, ಅಂಥ ಸಮಾಧಾನ ಅವನ ಮುಖದ ಮೇಲಿತ್ತು. ನಾನು ಚಹಾ ಸೋಸುತ್ತಿದ್ದೆ. ಅವನು ಹೇಳಿದ್ದು ತಲೆಗೆ ಹೋಗಲು ಅರ್ಧ ನಿಮಿಷ ಬೇಕಾಯಿತು.

ನಾನಿರುವುದು ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲನಿಯಲ್ಲಿ. ಬೋರ್ಡಿನವರು ಒಂದೇ ನಕ್ಷೆ ಹಿಡಿದು ಸಾಲಾಗಿ ಕಟ್ಟಿಕೊಟ್ಟ ಎಲ್‌ಐಜಿ, ಎಂಐಜಿ ಮನೆಗಳು. ಈಗ ನಮ್ಮ ಓಣಿಯಲ್ಲಿ ಒಂದರಂತೆ ಇನ್ನೊಂದಿಲ್ಲ. ಒಬ್ಬರು ಮೇಲೆ ಮೂರು ಅಂತಸ್ತು ಏರಿಸಿ ಹಾಸ್ಟೆಲ್ ಮಾಡಿದ್ದಾರೆ, ಒಬ್ಬರು ಅಂಗಳ ಮುಚ್ಚಿ ಪಲ್ಯ ಮಾರುವ ಕರಿ ಪಾಯಿಂಟ್ ಇಟ್ಟಿದ್ದಾರೆ. ಕಾಲನಿಯಿಂದ ಹೊರಬಿದ್ದರೆ ಮುಂಬೈ ಹೈವೇ. 2017ರಿಂದ ಅದರ ನೆತ್ತಿಯ ಮೇಲೆ ಮೆಟ್ರೊ ಓಡುತ್ತದೆ, ಕೆಳಗೆ ಮಾತ್ರ ಮೊದಲಿನ ಹಾಗೆ ಜಹೀರಾಬಾದ, ಬೀದರ, ಹುಮನಾಬಾದ ಎಂದು ಕೂಗುತ್ತ ಬಸ್ಸುಗಳು. ಅದೇ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ಹುಮನಾಬಾದ ದಾಟಿದ ಮೇಲೆ ನನ್ನ ತವರು ಬಸವಕಲ್ಯಾಣದ ತಿರುವು. ತಿರುಗದೆ ನೆಟ್ಟಗೆ ಹೋದರೆ ಸೊಲ್ಲಾಪುರ, ಸಿದ್ಧರಾಮನ ಊರು. ಈ ಭೂಗೋಳ ಮುಂದೆ ಬೇಕಾಗುತ್ತದೆ, ಅದಕ್ಕೆ ಹೇಳಿದೆ.

ನಮ್ಮದು ಐದು ಜನರ ತಂಡ. ನಾನು ಕಂಪನಿ ಕೆಲಸ ಬಿಟ್ಟವಳು, ಈ ಹುಡುಗ ಇನ್ನೂ ಹೊತ್ತುಗೊತ್ತಿಲ್ಲದೆ ಮಾಡುವವನು. ಬೀದರ, ಧಾರವಾಡ, ಪುಣೆಯಲ್ಲಿ ಒಬ್ಬೊಬ್ಬರು ಇದ್ದಾರೆ. ಒಂದೇ ಕೃತಿಯ ಎರಡು ಹಸ್ತಪ್ರತಿಗಳ ಪಠ್ಯವನ್ನು ಮಗ್ಗುಲಲ್ಲಿಟ್ಟು ಎಲ್ಲೆಲ್ಲಿ ಪಾಠ ಬೇರೆ ಎಂದು ಗುರುತು ಹಾಕಿ ತೋರಿಸುವ ಸಣ್ಣ ತಂತ್ರಾಂಶ ನಮ್ಮದು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಿ ಕಳಿಸಬಹುದು. ಇದರಿಂದ ಯಾರಿಗೂ ಒಂದು ರೂಪಾಯಿ ಬರುವುದಿಲ್ಲ, ಅದಕ್ಕೇ ಜಗಳ ಜಾಸ್ತಿ.

ಹುಡುಗ ಮಾಡಿದ್ದು ಇಷ್ಟು. ಒಬ್ಬೊಬ್ಬರು ಮಾಡಿದ ಬದಲಾವಣೆಯನ್ನು ಅವರ ಹೆಸರಿನೊಡನೆ ಗಿಟ್ ಎಂಬ ಸಾಧನ ಕಮಿಟ್ ಎಂದು ದಾಖಲಿಸಿಡುತ್ತದೆ. ಮೂರು ವರ್ಷದಲ್ಲಿ ಕೂಡಿದ್ದ ಅಂಥ 214 ಕಮಿಟ್‌ಗಳನ್ನು ರಾತ್ರಿ ಕೂತು ರೀಬೇಸ್ ಮಾಡಿ, ಅಂದರೆ ಹೊಸದಾಗಿ ಜೋಡಿಸಿ, ಹತ್ತಿರ ಹತ್ತಿರದವನ್ನು ಒಂದರೊಳಗೊಂದು ಮಡಚಿ, 31ಕ್ಕೆ ಇಳಿಸಿದ್ದ. ಆಮೇಲೆ ಫೋರ್ಸ್ ಪುಶ್, ಅಂದರೆ ಎಲ್ಲರಿಗೂ ಸೇರಿದ ಹಳೆಯ ಪ್ರತಿಯ ಮೇಲೆ ಬಲವಂತವಾಗಿ ಇದನ್ನೇ ಬರೆದದ್ದು. ಈಗ ನಮ್ಮ ತಂತ್ರಾಂಶದ ಚರಿತ್ರೆ ಓದಿದರೆ ನಾವು ಒಂದೂ ತಪ್ಪು ಮಾಡದೆ, ಯಾರೂ ಯಾರ ಕಾಲೂ ತುಳಿಯದೆ, ಒಂದೇ ಗೆರೆಯಲ್ಲಿ ನಡೆದುಬಂದ ಹಾಗೆ ಕಾಣುತ್ತಿತ್ತು. ನೋಡಲು ನಿಜಕ್ಕೂ ಛಂದ ಇತ್ತು, ಸುಳ್ಳೇಕೆ ಹೇಳಲಿ.

ಆ 31ರಲ್ಲಿ ನಾನು ಹುಡುಕಿದ್ದು ಒಂದನ್ನೇ. ಭಾಲ್ಕಿ ಕಡೆಯ ಒಬ್ಬ ನಿವೃತ್ತ ಮಾಸ್ತರರು ನಮ್ಮ ತಂತ್ರಾಂಶ ಬಳಸಿ, ಒಂದು ದೋಷ ಹಿಡಿದಿದ್ದರು. ಹೋಲಿಸುವ ಮುಂಚೆ ನಾವು ಱ ಅನ್ನು ರ ಎಂದೂ ೞ ಅನ್ನು ಳ ಎಂದೂ ಸಮ ಮಾಡಿಬಿಡುತ್ತಿದ್ದೆವು. ಹಳೆಯ ಪ್ರತಿ ಯಾವುದು, ಆಮೇಲೆ ನಕಲು ಮಾಡಿದ್ದು ಯಾವುದು ಎಂದು ಹೇಳುವ ಸುಳಿವೇ ಆ ಎರಡು ಅಕ್ಷರಗಳಲ್ಲಿರುತ್ತದೆ. ಸುಳಿವು ತೋರಿಸಬೇಕಾದ ಸಾಧನವೇ ಅದನ್ನು ಒರೆಸಿ ಹಾಕುತ್ತಿತ್ತು. ಮಾಸ್ತರರು ಅಕ್ಷರಪಟ್ಟಿ ತಿದ್ದಿ ಮೇಲ್‌ನಲ್ಲಿ ಕಳಿಸಿದರು. ನಾನು ಅವರ ಹೆಸರಿನಲ್ಲೇ ಸೇರಿಸಿದೆ. ಹುಡುಗನ ಹೊಸ ಚರಿತ್ರೆಯಲ್ಲಿ ಆ ಕಮಿಟ್ ಅದರ ಹಿಂದಿನ ನನ್ನ ಕಮಿಟ್‌ನೊಳಗೆ ಮಡಚಿಕೊಂಡಿತ್ತು. ತಿದ್ದುಪಡಿ ಒಂದು ಅಕ್ಷರ ಹೋಗದೆ ಉಳಿದಿತ್ತು. ತಿದ್ದಿದವರು ಯಾರು ಎಂದು ಕೇಳಿದರೆ ನನ್ನ ಹೆಸರು ತೋರಿಸುತ್ತಿತ್ತು.

ನಾನು ಕೇಳದೆ, ಕದಿಯದೆ, ಕಳ್ಳಿಯಾಗಿದ್ದೆ.

“ಕೋಡ್ ಒಂದೇ ಅಲ್ವಾ ಅಕ್ಕಾ” ಅಂದ ಹುಡುಗ. ಅವನ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಫಲ ಒಂದೇ ಆಗಿದ್ದರೆ, ಅಲ್ಲಿಗೆ ಬಂದ ದಾರಿಯನ್ನು ನೆನಪಿಡಬೇಕೆ? ನೆನಪಿಡುವುದಾದರೆ ನಡೆದ ಹಾಗೆಯೋ, ನಡೆಯಬೇಕಿದ್ದ ಹಾಗೆಯೋ?

ಒಬ್ಬೊಬ್ಬರು ತಮ್ಮ ಕವಲಿನಲ್ಲಿ ಕೆಲಸ ಮಾಡಿ ಆಮೇಲೆ ಕೂಡಿಸುವುದಕ್ಕೆ ಕಸುಬಿನವರು ಬ್ರಾಂಚಿಂಗ್ ಎಂಬ ಹೆಸರಿಟ್ಟು ಕಾರ್ಯವಿಧಾನಗಳನ್ನು ಕಟ್ಟಿದ್ದಾರೆ. ಗಿಟ್ ಹುಟ್ಟಿದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಕರ್ನೆಲ್‌ನವರು ಅಲ್ಲಿಯವರೆಗೆ ಬಳಸುತ್ತಿದ್ದ ಬಿಟ್‌ಕೀಪರ್‌ನ ಉಚಿತ ಪರವಾನಗಿ ತಪ್ಪಿಹೋದಾಗ ಲಿನಸ್ ಟೋರ್ವಾಲ್ಡ್ಸ್ ತಾನೇ ಕೂತು ಬರೆದದ್ದು. 2010ರಲ್ಲಿ ವಿನ್ಸೆಂಟ್ ಡ್ರೀಸನ್ ಎಂಬ ಡಚ್ಚರವನು ಗಿಟ್‌ಫ್ಲೋ ಎಂಬ ಪದ್ಧತಿ ಬರೆದ: ಬಿಡುಗಡೆಗೊಂದು ಕವಲು, ಬೆಳವಣಿಗೆಗೊಂದು, ತುರ್ತು ದುರಸ್ತಿಗೊಂದು. ಜನ ಅದನ್ನು ಸ್ಮೃತಿಯಂತೆ ಪಾಲಿಸಿದರು. 2020ರಲ್ಲಿ ಅವನೇ ತನ್ನ ಲೇಖನದ ತಲೆಯ ಮೇಲೆ ಒಂದು ಟಿಪ್ಪಣಿ ಸೇರಿಸಿ, ದಿನಾ ಬಿಡುಗಡೆ ಮಾಡುವವರು ಇಷ್ಟು ದೊಡ್ಡ ಮಡಿ ಹಿಡಿಯಬೇಕಿಲ್ಲ, ಸರಳವಾದದ್ದು ನೋಡಿಕೊಳ್ಳಿ ಎಂಬ ಅರ್ಥದಲ್ಲಿ ಹೇಳಿದ. ಹಳೆಯ ಲೇಖನ ಅಳಿಸಲಿಲ್ಲ, ಹಾಗೇ ಬಿಟ್ಟು ಮೇಲೆ ಬರೆದ. ಆ ಮನುಷ್ಯನ ಮೇಲೆ ನನಗೆ ಗೌರವ ಬಂದದ್ದು ಅದಕ್ಕೆ. ಐದು ಜನರ ನಮಗೆ ಗಿಟ್‌ಫ್ಲೋ ಎಂದರೆ ಎರಡು ಕೋಣೆಯ ಮನೆಗೆ ಐದು ಬಾಗಿಲು. ಒಂದೇ ಕಾಂಡ, ಎರಡು ಮೂರು ದಿನ ಬದುಕುವ ಕವಲುಗಳು, ಮುಗಿದ ಕೂಡಲೇ ಕಾಂಡಕ್ಕೆ ಸೇರ್ಪಡೆ, ಇದರಲ್ಲಿ ನಮ್ಮ ಐವರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಜಗಳ ಇದ್ದದ್ದು ಸೇರ್ಪಡೆಯ ಕ್ರಮದಲ್ಲಿ. ಕವಲು ಕವಲಾಗಿದ್ದ ಗುರುತು ಇಟ್ಟು ಮರ್ಜ್ ಮಾಡುವುದೋ, ಕವಲೇ ಒಡೆಯಲಿಲ್ಲ ಎಂಬಂತೆ ರೀಬೇಸ್ ಮಾಡಿ ನೆಟ್ಟಗೆ ಜೋಡಿಸುವುದೋ, ಇಲ್ಲಾ ಎಲ್ಲವನ್ನೂ ಹಿಂಡಿ ಒಂದೇ ಉಂಡೆ ಮಾಡುವುದೋ.

(ಕವಲಿಗೆ ಶಾಖೆ ಎಂಬ ಮಾತೂ ಇದೆ. ವೇದದವರಿಗೆ ಇದು ಹೊಸದಲ್ಲ. ಗುರುವಿನೊಡನೆ ಮುನಿಸಿಕೊಂಡ ಯಾಜ್ಞವಲ್ಕ್ಯ ಕಲಿತದ್ದನ್ನೆಲ್ಲ ಕಾರಿ ಎದ್ದುಹೋದ, ಉಳಿದ ಶಿಷ್ಯರು ತಿತ್ತಿರಿ ಹಕ್ಕಿಗಳಾಗಿ ಅದನ್ನು ಹೆಕ್ಕಿದರು, ಅದಕ್ಕೇ ತೈತ್ತಿರೀಯ ಎಂಬ ಹೆಸರು ಎಂದು ಪುರಾಣ. ಓಪನ್ ಸೋರ್ಸ್‌ನಲ್ಲಿ ಜಗಳವಾಡಿ ಫೋರ್ಕ್ ಎಂದು ತಮ್ಮದೇ ಕವಲು ಮಾಡಿಕೊಂಡು ಹೋದವರನ್ನು ಕಂಡಾಗಲೆಲ್ಲ ನನಗೆ ಆ ಹಕ್ಕಿಗಳು ನೆನಪಾಗುತ್ತವೆ.)

ಗುರುತು ಉಳಿಸುವುದನ್ನು ನಾನು ಮೊದಲು ಕಂಡದ್ದು ಮನೆಯಲ್ಲೇ. ನಮ್ಮಪ್ಪ ಕಲ್ಯಾಣದ ಅಡತಿ ಅಂಗಡಿಯಲ್ಲಿ ಮುನೀಮರಾಗಿದ್ದರು. ಕೀರ್ದಿಯಲ್ಲಿ ತಪ್ಪು ಬಿದ್ದರೆ ಕೆರೆದು ಅಳಿಸುವ ಹಾಗಿರಲಿಲ್ಲ. ಕೆಂಪು ಮಸಿಯಲ್ಲಿ ಒಂದು ಗೆರೆ ಎಳೆದು, ಕೆಳಗಿನ ಅಂಕಿ ಕಾಣುವ ಹಾಗೇ ಬಿಟ್ಟು, ಮಗ್ಗುಲಲ್ಲಿ ಸರಿಯಾದದ್ದು ಬರೆದು ಸಹಿ. ಕೆರೆದ ಕೀರ್ದಿ ಕಂಡರೆ ಸಾಹುಕಾರ ಮುನೀಮನನ್ನೇ ಬದಲಿಸುತ್ತಿದ್ದ. ಗಿಟ್‌ನಲ್ಲಿ ರಿವರ್ಟ್ ಎನ್ನುವುದು ಇದೇ ಕೆಂಪು ಗೆರೆ; ತಪ್ಪೂ ಉಳಿಯುತ್ತದೆ, ತಪ್ಪನ್ನು ಹಿಂತೆಗೆದದ್ದೂ ಉಳಿಯುತ್ತದೆ. ಪ್ರಾಯಶ್ಚಿತ್ತ ಮಾಡಿಕೊಂಡವನ ಹಳೆಯ ಕರ್ಮ ಆಗಲೇ ಇಲ್ಲ ಎಂದು ಯಾವ ಧರ್ಮಶಾಸ್ತ್ರವೂ ಹೇಳುವುದಿಲ್ಲವಲ್ಲ, ಹಾಗೆ.

ಅದೇ ಅಪ್ಪ ಶ್ರಾವಣ ಬಂತೆಂದರೆ ಸಂಜೆ ಶರಣರ ವಚನಗಳ ಶೂನ್ಯಸಂಪಾದನೆ ಓದುತ್ತಿದ್ದರು. ಓಣಿಯ ಹತ್ತಿಪ್ಪತ್ತು ಮಂದಿ ಬಂದು ಕೂಡುತ್ತಿದ್ದರು. ಅಲ್ಲಮ ಬರುತ್ತಾನೆ, ಬಸವಣ್ಣ ಮಾತಾಡುತ್ತಾನೆ, ಚೆನ್ನಬಸವಣ್ಣ ಮಧ್ಯೆ ಬರುತ್ತಾನೆ, ಅಕ್ಕಮಹಾದೇವಿ ಉತ್ತರ ಕೊಡುತ್ತಾಳೆ. ಎದುರಾ ಎದುರು ಕೂತು ಆಡಿದ ಮಾತಿನಂತೆಯೇ ಕೇಳಿಸುತ್ತಿತ್ತು. ನಮ್ಮೂರಿನಲ್ಲೇ, ಕೋಟೆಯ ಆಚೆ ಎಲ್ಲೋ ಕೂತು ಹೀಗೇ ಆಡಿದರು ಎಂದು ನಾನು ಹದಿನೈದರ ತನಕ ನಂಬಿದ್ದೆ. ಆಮೇಲೆ ತಿಳಿಯಿತು, ವಚನಗಳು ಬಿಡಿಬಿಡಿಯಾಗಿ ಹುಟ್ಟಿದವು, ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಊರಲ್ಲಿ. ಅವನ್ನು ಆರಿಸಿ, ಕ್ರಮ ಕೊಟ್ಟು, ನಡುನಡುವೆ ಗದ್ಯ ಇಟ್ಟು, ಸಂಭಾಷಣೆಯಾಗಿ ಹೆಣೆದವನು ಶಿವಗಣಪ್ರಸಾದಿ ಮಹಾದೇವಯ್ಯ, ಸುಮಾರು ಎರಡೂವರೆ ಶತಮಾನ ಕಳೆದ ಮೇಲೆ. ಅಂದರೆ ಕನ್ನಡದ ಅತಿ ದೊಡ್ಡ ರೀಬೇಸ್ ಅದು. ಎಲ್ಲೆಲ್ಲೋ ಒಡೆದ ಕವಲುಗಳನ್ನು ತಂದು, ಹಿಂದುಮುಂದು ಜೋಡಿಸಿ, ಮೊದಲಿಂದ ಹೀಗೇ ಇತ್ತು ಎಂಬ ಒಂದು ಗೆರೆ.

ಇದನ್ನು ಹೇಳಿದ್ದೇ ತಡ, ಹುಡುಗನಿಗೆ ಖುಷಿಯಾಯಿತು. “ನೋಡಿದೆಯಾ ಅಕ್ಕಾ, ನಿಮ್ಮವರೇ ಮಾಡಿದ್ದಾರೆ.” ಹೌದು ಮಾರಾಯ, ಮಾಡಿದ್ದಾರೆ, ಮಾಡಿ ಒಳ್ಳೆಯದನ್ನೇ ಮಾಡಿದ್ದಾರೆ. ಸಂಪಾದನೆ ಇಲ್ಲದಿದ್ದರೆ ಅಲ್ಲಮನ ಬೆಡಗಿನ ಎಷ್ಟೋ ವಚನಗಳ ಬಾಗಿಲು ನನಗೆ ತೆರೆಯುತ್ತಿರಲಿಲ್ಲ. ಓದುಗನಿಗೆ ದಾರಿ ಬೇಕು, ಕಸದ ಗುಡ್ಡೆ ಕೊಟ್ಟು ಹುಡುಕಿಕೋ ಎನ್ನಬಾರದು. ನಮ್ಮ 214ರಲ್ಲಿ ‘ಮತ್ತೊಮ್ಮೆ’, ‘ಅಯ್ಯೋ’, ‘ಈಗ ಸರಿ’ ಎಂಬ ಹೆಸರಿನ ಕಮಿಟ್‌ಗಳು ಎಷ್ಟಿದ್ದವು ಎಂದು ಹೇಳಲು ನಾಚಿಕೆ.

ಆದರೆ ಕಥೆ ಮಹಾದೇವಯ್ಯನಲ್ಲಿ ಮುಗಿಯಲಿಲ್ಲ. ಅವನ ಸಂಪಾದನೆಯಲ್ಲಿ ಸೊಲ್ಲಾಪುರದ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಆಗುವುದಿಲ್ಲ. ಅರಿವಾದವನಿಗೆ ಬೇರೆ ದೀಕ್ಷೆ ಬೇಕೆ ಎಂಬುದು ಒಂದು ಪಕ್ಷ. ದೀಕ್ಷೆಯಿಲ್ಲದೆ ಶರಣ ಹೇಗಾದ ಎಂಬುದು ಇನ್ನೊಂದು. ಹಲಗೆಯಾರ್ಯ ತನ್ನ ಸಂಪಾದನೆಯಲ್ಲಿ ದೀಕ್ಷೆಯ ಪ್ರಸಂಗ ಸೇರಿಸಿದ. ಅವನಾದ ಮೇಲೆ ಗುಮ್ಮಳಾಪುರದ ಸಿದ್ಧಲಿಂಗಯತಿ, ಆಮೇಲೆ ಗೂಳೂರು ಸಿದ್ಧವೀರಣ್ಣೊಡೆಯ, ಒಬ್ಬೊಬ್ಬರು ಒಂದೊಂದು ಹೊಸ ಪಾಠ ಕಟ್ಟಿದರು. ಸಿದ್ಧರಾಮ ತೀರಿಕೊಂಡು ಶತಮಾನಗಳಾದ ಮೇಲೆ ಅವನ ಬದುಕಿನ ನಡುವೆ ಒಂದು ಕಮಿಟ್ ತೂರಿಸಲಾಯಿತು ಎಂದು ನಾನು ಹೇಳಿದರೆ ನಮ್ಮ ಕಡೆ ಕೆಲವರಿಗೆ ಸಿಟ್ಟು ಬರಬಹುದು. ನನಗೆ ಅದರಲ್ಲಿ ಸಮಾಧಾನದ ಒಂದು ಸಂಗತಿ ಕಾಣುತ್ತದೆ: ನಾಲ್ಕೂ ಉಳಿದಿವೆ. ಮುಂದಿನವನು ಹಿಂದಿನವನ ಪ್ರತಿಯ ಮೇಲೆ ಬರೆಯಲಿಲ್ಲ. ಬರೆಯಲು ಸಾಧ್ಯವೂ ಇರಲಿಲ್ಲ, ತಾಳೆಗರಿ ಹತ್ತಾರು ಮಠಗಳಲ್ಲಿ, ಮನೆಗಳ ಅಟ್ಟದ ಮೇಲೆ ಹಂಚಿಹೋಗಿತ್ತು. ದೀಕ್ಷೆ ಯಾವ ಕೈಯಲ್ಲಿ, ಯಾವ ಹೆಸರಿನ ಸಂಪಾದನೆಯಲ್ಲಿ ಬಂತು ಎಂದು ಇವತ್ತು ನಾನು ಹೇಳಬಲ್ಲೆನಾದರೆ, ಯಾರ ಬಳಿಯೂ ಫೋರ್ಸ್ ಪುಶ್ ಇರಲಿಲ್ಲ ಎಂಬ ಕಾರಣಕ್ಕೆ.

ನಮ್ಮನ್ನೂ ಕಾಪಾಡಿದ್ದು ಅಟ್ಟವೇ. ಹುಡುಗ ಹೊಸ ಪ್ರತಿ (ಕ್ಲೋನ್) ಇಳಿಸಿಕೊಂಡು ಕೆಲಸ ಮುಗಿಸಿ ಆ ಫೋಲ್ಡರನ್ನೂ ಅಳಿಸಿದ್ದ. ನನ್ನ ಲ್ಯಾಪ್‌ಟಾಪು ಅದಕ್ಕೂ ಹಿಂದಿನ ವಾರ ಕೆಟ್ಟು ಹೊಸದಾಗಿತ್ತು. ಬೀದರದವರಿಗೆ ಫೋನ್ ಮಾಡಿದೆ. ಅವರು ಮಹಾ ಸೋಮಾರಿ, ಇಪ್ಪತ್ತು ದಿನದಿಂದ ಹೊಸದೇನೂ ಇಳಿಸಿಕೊಂಡಿರಲಿಲ್ಲ. “ಬೈಬ್ಯಾಡ್ರಿ ಅಕ್ಕಾ, ಇವತ್ತು ಅಪ್‌ಡೇಟ್ ಮಾಡ್ತೀನಿ” ಅಂದರು. ಮಾಡಬ್ಯಾಡ್ರಿ ಮಹರಾಯರೇ, ಕೈ ಕಟ್ಟಿಕೊಂಡು ಕೂಡ್ರಿ ಅಂದೆ. 214ರಲ್ಲಿ 209 ಅವರಲ್ಲಿದ್ದವು, ಮಾಸ್ತರರದೂ ಅದರಲ್ಲಿತ್ತು.

ಗಿಟ್‌ನಲ್ಲಿ ಪ್ರತಿ ಕಮಿಟ್‌ಗೂ ಎರಡು ಹೆಸರು ಇರುತ್ತವೆ. ಬರೆದವರು ಒಬ್ಬರು, ತಂದು ಸೇರಿಸಿದವರು ಒಬ್ಬರು. ಕರ್ನೆಲ್‌ಗೆ ಜನ ಇಮೇಲಿನಲ್ಲಿ ತಿದ್ದುಪಡಿ ಕಳಿಸುತ್ತಾರೆ, ಉಸ್ತುವಾರಿಯವರು ಸೇರಿಸುತ್ತಾರೆ, ಹಾಗಾಗಿ ಎರಡನ್ನೂ ಬೇರೆ ಇಡಬೇಕಾಯಿತು. ನನಗೆ ಇದು ಅಂಕಿತ ಮತ್ತು ಸಂಪಾದಕ ಎಂದು ಅರ್ಥವಾಗುತ್ತದೆ. ಮಹಾದೇವಯ್ಯ ಎಷ್ಟು ಹಿಂದುಮುಂದು ಮಾಡಿದರೂ ಗುಹೇಶ್ವರ ಎಂಬಲ್ಲಿ ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬಲ್ಲಿ ಚೆನ್ನಮಲ್ಲಿಕಾರ್ಜುನ ಉಳಿಯಿತು. ಕ್ರಮ ಅವನದು, ವಚನ ಅವರವರದು. ಸೂಳೆ ಸಂಕವ್ವೆಯದು ಎಂದು ನಮಗೆ ಸಿಕ್ಕಿರುವುದು ಒಂದೇ ವಚನ. ಅಂಕಿತ ನಿರ್ಲಜ್ಜೇಶ್ವರ. ಅದನ್ನು ಯಾರಾದರೂ ಪಕ್ಕದ ದೊಡ್ಡವರ ಹತ್ತು ವಚನದ ಜೊತೆ ಹಿಂಡಿ ಉಂಡೆ ಮಾಡಿದ್ದರೆ ಮಾತು ಉಳಿಯುತ್ತಿತ್ತು, ಆ ಹೆಂಗಸು ಉಳಿಯುತ್ತಿರಲಿಲ್ಲ.

ಅಂಕಿತಕ್ಕೆ ಕೈ ಹಾಕಿದರೆ ಏನಾಗುತ್ತದೆ ಎಂಬುದನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಇದ್ದ ಕಡೆ ‘ಲಿಂಗದೇವ’ ಎಂದು ಅಚ್ಚು ಹಾಕಿಸಿದರು. 1998ರಲ್ಲಿ ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮ್ಮ ಚಿಗವ್ವ ಮಾತಾಜಿಯ ಭಕ್ತೆ. ಬೆಳಗಿನ ಪೂಜೆಯಲ್ಲಿ ಲಿಂಗದೇವ ಎಂದೇ ಹಾಡುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು ಛಂದ ಹಾಡುತ್ತಿದ್ದಳು. ಅಪ್ಪನಿಗೂ ಅವಳಿಗೂ ಇದೇ ವಿಷಯಕ್ಕೆ ಎರಡು ವರ್ಷ ಮಾತಿರಲಿಲ್ಲ. ಮುಟ್ಟುಗೋಲು ನನಗೆ ಒಪ್ಪಿಗೆಯಾಗುವುದಿಲ್ಲ; ಬೇರೆ ಪಾಠವನ್ನು ಅಡಿಟಿಪ್ಪಣಿಯಲ್ಲಿ ಇಡುತ್ತಾರೆ, ಪೊಲೀಸರ ಗೋದಾಮಿನಲ್ಲಲ್ಲ. ಆದರೂ ಅಪ್ಪನ ಸಂಕಟ ಯಾಕೆಂದು ನನಗೆ ಗೊತ್ತು. ಚಿಗವ್ವ ತನ್ನ ದೇವರನ್ನು ಯಾವ ಹೆಸರಿನಿಂದ ಕರೆದರೂ ಅವರು ಅಡ್ಡ ಬರುತ್ತಿರಲಿಲ್ಲ. ಬಸವಣ್ಣ ಹಾಗೆ ಕರೆದ ಎಂದು ಅಚ್ಚಾಗಿದ್ದೇ ಅವರಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು.

ಇಷ್ಟೆಲ್ಲ ಹುಡುಗನಿಗೆ ಹೇಳಿ ಗೆದ್ದೆ ಅಂದುಕೊಂಡೆ. ಸೋಲಿಸಿದವರು ಮಾಸ್ತರರು. ನಡೆದದ್ದು ಹೇಳಿ ಕ್ಷಮೆ ಕೇಳೋಣ ಎಂದು ಫೋನ್ ಮಾಡಿದರೆ ಅವರು ನಕ್ಕು, “ಹೆಸರು ತಗೊಂಡು ಏನ್ ಮಾಡದದ ತಂಗಿ? ಅಕ್ಷರ ಉಳ್ದಾವಲ್ಲ, ಆಯ್ತು” ಅಂದರು.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮಾಸ್ತರರ ಮಾತು ಅಲ್ಲಮನ ಮನೆಯದು. ತಾನು ಇದ್ದ ಕುರುಹೂ ಉಳಿಯದಂತೆ ಬಯಲಾಗುವುದನ್ನೇ ಸಂಪಾದನೆ ಎಂದು ಕರೆದ ಪರಂಪರೆಯಲ್ಲಿ ಹುಟ್ಟಿ, ನಾನು ಕಮಿಟ್‌ನ ಮೇಲಿನ ಹೆಸರಿಗೆ ಹೋರಾಡುತ್ತಿದ್ದೇನಲ್ಲ. ಶರಣರಾದರೂ ತಮ್ಮ ಹೆಸರು ಹಾಕಿಕೊಂಡರೆ? ಅಂಕಿತ ಅವರ ದೇವರ ಹೆಸರು, ಅವರದಲ್ಲ. ನಾನು ಕಾಯುತ್ತಿರುವುದು ಮಾಸ್ತರರ ಅಹಂಕಾರವನ್ನೋ, ಅವರಿಗೇ ಇಲ್ಲದ್ದನ್ನೋ?

ಬೆಳಗಿನ ಜಾವ ಹಾಲಿನ ಗಾಡಿ ಬರುವ ಹೊತ್ತಿಗೆ ಒಂದು ಗಂಟು ಸಡಿಲವಾಯಿತು. ಅಲ್ಲಮ ಅಳಿಸಿಕೊಂಡದ್ದು ತನ್ನನ್ನು. ಬಸವಣ್ಣನನ್ನಲ್ಲ, ಅಕ್ಕನನ್ನಲ್ಲ. ಬಯಲಾಗುವುದು ತಾನೇ ಮಾಡಿಕೊಳ್ಳುವ ಕ್ರಿಯೆ, ಇನ್ನೊಬ್ಬರಿಗೆ ಮಾಡಿಸುವಂಥದ್ದಲ್ಲ. ಮಾಸ್ತರರು ತಮ್ಮ ಹೆಸರು ಬೇಡ ಎನ್ನಬಹುದು, ಅದು ಅವರ ವೈರಾಗ್ಯ. ಅವರ ಹೆಸರು ಬೇಡ ಎಂದು ನಾನು ನಿರ್ಧರಿಸಿದರೆ ಅದಕ್ಕೆ ಬೇರೆ ಶಬ್ದ ಇದೆ.

ಆಶ್ಚರ್ಯ ಏನೆಂದರೆ, ಕಸುಬಿನಲ್ಲಿ ಇದು ಮೊದಲೇ ಗೊತ್ತಿದ್ದ ನಿಯಮ. ಟೋರ್ವಾಲ್ಡ್ಸ್ 2009ರಲ್ಲೇ ಕರ್ನೆಲ್‌ನವರಿಗೆ ಹೆಚ್ಚುಕಮ್ಮಿ ಇದನ್ನೇ ಬರೆದಿದ್ದ: ನಿಮ್ಮ ಖಾಸಗಿ ಕೆಲಸವನ್ನು ಎಷ್ಟು ಬೇಕಾದರೂ ರೀಬೇಸ್ ಮಾಡಿ ಚೊಕ್ಕ ಮಾಡಿಕೊಳ್ಳಿ, ಬೇರೆಯವರ ಚರಿತ್ರೆ ಮಾತ್ರ ಮುಟ್ಟಬೇಡಿ. ನಾನು ಅದನ್ನು ಹದಿನೈದು ವರ್ಷದಿಂದ ತಾಂತ್ರಿಕ ಎಚ್ಚರಿಕೆ ಎಂದುಕೊಂಡಿದ್ದೆ, ಸ್ವಿಚ್ ಬೋರ್ಡ್ ಮೇಲಿನ ‘ಅಪಾಯ’ದ ಹಾಗೆ.

ಮುಂದಿನ ಭಾನುವಾರ ಐವರೂ ವಿಡಿಯೊದಲ್ಲಿ ಕೂತು ತೀರ್ಮಾನ ಮಾಡಿದೆವು. ಕಾಂಡ ಒಂದೇ. ಕವಲು ನಿನ್ನ ಹತ್ತಿರ ಇರುವ ತನಕ ನಿನ್ನದು: ತಿದ್ದು, ಮಡಚು, ‘ಅಯ್ಯೋ’ಗಳನ್ನು ಅಳಿಸು, ಯಾರೂ ಕೇಳುವುದಿಲ್ಲ. ಹತ್ತು ಜನರೆದುರು ಇಡುವ ಮುಂಚೆ ಮುಖ ತೊಳೆದುಕೊಳ್ಳುವುದು ಸುಳ್ಳಲ್ಲ. ಒಮ್ಮೆ ಕಳಿಸಿದ ಮೇಲೆ ಅದು ಎಲ್ಲರದು. ಸೇರಿಸುವಾಗ ಕವಲಿನ ಗುರುತು ಉಳಿಯುವಂತೆ ಮರ್ಜ್, ಉಂಡೆ ಮಾಡುವುದು ಇಲ್ಲ, ಕಾಂಡದ ಮೇಲೆ ಫೋರ್ಸ್ ಪುಶ್‌ಗೆ ಬೀಗ. ತಪ್ಪಾದರೆ ಕೆಂಪು ಗೆರೆ. ಪುಣೆಯವರು, ಚರಿತ್ರೆಯ ಚಿತ್ರ ನೋಡಿದರೆ ಸಿಕ್ಕುಸಿಕ್ಕಾದ ದಾರದ ಹಾಗೆ ಕಾಣುತ್ತದೆ ಎಂದು ಗೊಣಗಿದರು. ಕಾಣುತ್ತದೆ, ನಿಜ. ಬೀದರದವರ ಸೋಮಾರಿತನಕ್ಕೆ ಧನ್ಯವಾದ ಹೇಳುವ ಠರಾವೂ ಪಾಸಾಯಿತು.

ಬೀದರದ ಪ್ರತಿಯಿಂದ ಹಳೆಯದನ್ನು ಮೇಲೆ ತಂದದ್ದು ಹುಡುಗನೇ, ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆ. ಅವನು ನನ್ನೊಡನೆ ಆಡುವುದು ತೆಲುಗು, ಕನ್ನಡ ಬಾರದು. ಆದರೆ ತೆಲುಗಿನ ಅಕ್ಷರ ಬಲ್ಲವನಿಗೆ ನಮ್ಮ ಅಕ್ಷರ ಎಷ್ಟು ದೂರ, ಎರಡು ವರ್ಷದಲ್ಲಿ ಕೂಡಿಸಿ ಓದುವಷ್ಟು ಬಂದಿದೆ. ಮಾಸ್ತರರ ಕಮಿಟ್ ತೆರೆದಾಗ ಅವನು ಪರದೆಗೆ ಮೂಗು ತಾಗುವಷ್ಟು ಬಾಗಿದ. ಅವರ ಮೇಲ್‌ನ ತಲೆಬರಹವನ್ನು ನಾನು ಹೇಗಿತ್ತೋ ಹಾಗೇ ತುಂಬಿದ್ದೆ. ಇಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ‘ಅಕ್ಷರ ತಿದುಪಡಿ’ ಎಂದಿತ್ತು.

“ಅಕ್ಕಾ, ನಮ್ಮಲ್ಲಿ ದಿದ್ದುಬಾಟು ಅಂತೀವಿ. ಇಲ್ಲೂ ದ ಕೆಳಗೆ ಒತ್ತು ಬರಬೇಕಲ್ವಾ?”

ಬರಬೇಕು ಅಂದೆ.

ಅವನು ಲೆಕ್ಕ ಹಾಕಿದ. ಕಮಿಟ್‌ನ ಗುರುತಿನ 40 ಅಕ್ಷರಗಳು ಒಳಗಿನ ಪಠ್ಯ, ಹೆಸರು, ಹೊತ್ತು, ಸಂದೇಶ, ಹಿಂದಿನದರ ಗುರುತು ಎಲ್ಲದರಿಂದ ಹುಟ್ಟುತ್ತವೆ. ಒಂದು ಒತ್ತು ಸೇರಿಸಿದರೆ ಇದರದೂ ಬದಲು, ಇದರ ಮೇಲೆ ಕೂತ ಮುಂದಿನ 70 ಚಿಲ್ಲರೆ ಕಮಿಟ್‌ಗಳದೂ ಬದಲು. ಬೆರಳು ಕೀಲಿಮಣೆಯ ಮೇಲೆ ನಿಂತಿತ್ತು. ಹೊರಗೆ ಹೈವೇ ಕಡೆಯಿಂದ ಜಹೀರಾಬಾದ, ಜಹೀರಾಬಾದ ಎಂದು ಕಂಡಕ್ಟರ್ ಕೂಗುವುದು ಕೇಳುತ್ತಿತ್ತು.

“ತಿನ್ನು, ತಣ್ಣಗಾಗ್ತದ” ಎಂದು ನಾನು ರೊಟ್ಟಿ ತಟ್ಟೆಯನ್ನು ಅವನ ಮತ್ತು ಲ್ಯಾಪ್‌ಟಾಪಿನ ನಡುವೆ ಇಟ್ಟೆ.